ಸತ್ತ ಭಾಷೆಯಲ್ಲಿ ಸೋಮವಾರದ ಪಟ್ಟಿ

ನಾವು ಮೂವರು ಕೂತು ಪ್ರೋಗ್ರಾಂ ಬರೆಯುತ್ತಿದ್ದ ಕೋಣೆ ಹುಣಸೂರಿನಲ್ಲಿ ನಮ್ಮಪ್ಪನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿಯ ಮೇಲಿತ್ತು. ಕೆಳಗೆ ಬೆಳಿಗ್ಗೆ ಆರರಿಂದಲೇ ಟೈಪ್‌ರೈಟರುಗಳು ಬಡಿದುಕೊಳ್ಳುತ್ತಿದ್ದವು. ಮೇಲೆ ಎರಡು ಕಂಪ್ಯೂಟರು, ಕಿರ್ರೆಂದು ಅರಚುವ ಒಂದು ಪ್ರಿಂಟರು, ಅವುಗಳ ಕೆಳಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಸ್ಟೆಬಿಲೈಸರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೂವರಲ್ಲಿ ಹುಡುಗಿ ನಾನೊಬ್ಬಳೇ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ಊರಿಗೆ ವಾಪಸು ಬಂದಿದ್ದೆ. ಡಿಪ್ಲೊಮಾದಲ್ಲಿ ನನ್ನ ಜೊತೆ ಓದಿದವನೊಬ್ಬ ಕೆ.ಆರ್. ನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಇನ್ನೊಬ್ಬ ಪಿರಿಯಾಪಟ್ಟಣದ ಕಡೆಯವನು, ಹೊಗೆಸೊಪ್ಪು ಬೆಳೆಯುವ ಮನೆಯವನು, ನಮಗಿಂತ ನಾಲ್ಕು ವರ್ಷ ಚಿಕ್ಕವನು. ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಅದು ಹದವಾಗುವವರೆಗೆ ಶಾಖ ನೋಡುತ್ತಾ ದಿನಗಟ್ಟಲೆ ಕೂತು ಅಭ್ಯಾಸವಿದ್ದುದರಿಂದಲೋ ಏನೋ, ಅವನ ತಾಳ್ಮೆ ನಮ್ಮಿಬ್ಬರಿಗೂ ಇರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಮೂವರಲ್ಲಿ ಚೆನ್ನಾಗಿ ಪ್ರೋಗ್ರಾಂ ಬರೆಯುತ್ತಿದ್ದವನು ಅವನೇ.

ಅಕ್ಕಿ ಗಿರಣಿಗೆ ತೂಕದ ಚೀಟಿ, ಸಾಮಿಲ್ಲಿಗೆ ಮರದ ಅಳತೆ, ಹೈಸ್ಕೂಲಿಗೆ ಅಂಕಪಟ್ಟಿ, ಇಂಥವನ್ನೆಲ್ಲ ಬರೆದುಕೊಡುತ್ತಿದ್ದೆವು. ಯಾರೂ ನಮ್ಮನ್ನು ಸಾಫ್ಟ್‌ವೇರಿನವರು ಎಂದು ಕರೆಯುತ್ತಿರಲಿಲ್ಲ. 'ಮೇಲ್ಗಡೆ ಕಂಪ್ಯೂಟರ್ನೋರು' ಅಷ್ಟೇ.

ಮೈಸೂರಿನಿಂದ ನಮಗೆ ಒಂದು ಕಂಪ್ಯೂಟರ್ ಮಾಸಪತ್ರಿಕೆ ಬರುತ್ತಿತ್ತು, ಒಂದು ತಿಂಗಳು ತಡವಾಗಿ. ಒಂದು ಸಂಚಿಕೆಯಲ್ಲಿ ಯಾರೋ ದೊಡ್ಡ ಲೇಖನ ಬರೆದಿದ್ದರು. ಸಣ್ಣ ಊರುಗಳಲ್ಲಿ ಕಂಪ್ಯೂಟರ್ ಕಲಿಸುವ ಅಂಗಡಿಗಳು ಮಾತ್ರ ಇವೆ, ಅಲ್ಲಿ ಸಾಫ್ಟ್‌ವೇರ್ ತಯಾರಿಸುವವರು ಯಾರೂ ಇಲ್ಲ, ಇರಲು ಸಾಧ್ಯವೂ ಇಲ್ಲ ಎಂದು ಅದರ ತಾತ್ಪರ್ಯ. ಅದನ್ನು ಓದಿ ನನಗೆ ರೇಗಿತು. ಆ ದಿನ ಬೆಳಗಿನಿಂದ ನಾವು ಮೂವರೂ ಊಟಕ್ಕೂ ಏಳದೆ ಗಿರಣಿಯ ಕೆಲಸ ಮುಗಿಸುತ್ತಿದ್ದೆವು. ಕೆ.ಆರ್. ನಗರದವನು ಪತ್ರಿಕೆ ಮಡಚಿಟ್ಟು ಕೆಳಗೆ ಹೋದ. ಮೆಟ್ಟಿಲ ಬುಡದಲ್ಲಿ ಟೈಪಿಂಗ್ ಪರೀಕ್ಷೆಯ ಫಲಿತಾಂಶ ಬರೆಯುವ ಕಪ್ಪು ಹಲಗೆಯೊಂದು ಬೀದಿಗೆ ಮುಖ ಮಾಡಿ ನೇತಾಡುತ್ತಿತ್ತು. ಅದರ ಮೇಲೆ ದಪ್ಪಕ್ಷರದಲ್ಲಿ ಬರೆದ:

'ಈ ತಿಂಗಳ ಪತ್ರಿಕೆಯ ಪ್ರಕಾರ ನಾವು ಇಲ್ಲ. ಇಲ್ಲದವರನ್ನು ಕಾಣಬೇಕಾದವರು ಮಹಡಿ ಹತ್ತಿ ಬರುವುದು. ಒಂದರಿಂದ ಎರಡು ಊಟದ ವಿರಾಮ.'

ಅಪ್ಪ ಅದನ್ನು ಅಳಿಸುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಫಲಿತಾಂಶದ ಸಮಯ ಬಿಟ್ಟು ಬೇರೆ ದಿನಗಳಲ್ಲಿ ಹಲಗೆ ನಮಗೇ ಇರಲಿ, ಆದರೆ ಕಾಗುಣಿತ ತಪ್ಪಬಾರದು ಎಂದರು. ಮುಂದೆ ನಾವು ಬರೆದದ್ದರಲ್ಲಿ ಒತ್ತಕ್ಷರ ತಪ್ಪಿದ್ದರೆ ಸುಣ್ಣದ ಕಡ್ಡಿ ಹಿಡಿದು ಅವರೇ ತಿದ್ದುತ್ತಿದ್ದರು, ಹಾಸ್ಯದ ಬಗ್ಗೆ ಏನೂ ಅನ್ನುತ್ತಿರಲಿಲ್ಲ.

ಹಾಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಪೇಪರಿನಲ್ಲಿ ಬಂದ ಕಂಪ್ಯೂಟರ್ ಸುದ್ದಿ ಮಹಡಿಯ ಮೇಲೆ ಓದುವುದು, ಉತ್ತರ ಮಾತ್ರ ಕೆಳಗಿನ ಹಲಗೆಯಲ್ಲಿ ಬರೆಯುವುದು. ಇನ್ನು ಕೆಲವೇ ವರ್ಷಗಳಲ್ಲಿ ಕಾಗದವೇ ಇಲ್ಲದ ಕಚೇರಿಗಳು ಬರಲಿವೆ ಎಂದು ಸುದ್ದಿ ಬಂದಾಗ, 'ಈ ಬಗ್ಗೆ ಆಕ್ಷೇಪಣೆ ಇದ್ದವರು ಮೂರು ಪ್ರತಿಗಳಲ್ಲಿ ಟೈಪು ಮಾಡಿಸಿ ಸಲ್ಲಿಸತಕ್ಕದ್ದು. ಟೈಪಿಂಗ್ ಒಳಗಡೆ ಮಾಡಿಕೊಡಲಾಗುವುದು' ಎಂದು ಬರೆದೆ. ಅಪ್ಪನಿಗೆ ಅದು ಬಹಳ ಹಿಡಿಸಿ ಹದಿನೈದು ದಿನ ಅಳಿಸಲು ಬಿಡಲಿಲ್ಲ. ಎರಡು ಸಾವಿರದ ಇಸವಿ ಹುಟ್ಟುವ ಕ್ಷಣದಲ್ಲಿ ಜಗತ್ತಿನ ಕಂಪ್ಯೂಟರುಗಳೆಲ್ಲ ದಿನಾಂಕ ತಪ್ಪಿ ನಿಂತುಹೋಗುತ್ತವೆ ಎಂಬ ಗುಲ್ಲೆದ್ದಾಗ ಕೆ.ಆರ್. ನಗರದವನು, 'ಈ ವಿಷಯದಲ್ಲಿ ನಮ್ಮ ಇನ್‌ಸ್ಟಿಟ್ಯೂಟಿನ ಗೋಡೆ ಗಡಿಯಾರ ಜಗತ್ತಿಗಿಂತ ಮುಂದಿದೆ. ಅದು ನಿಂತು ಮೂರು ವರ್ಷವಾಯಿತು' ಎಂದು ಬರೆದ. ಅದು ಮಾತ್ರ ಅಪ್ಪನಿಗೆ ಚುಚ್ಚಿತು. ಸಂಜೆಯೊಳಗೆ ಗಡಿಯಾರ ರಿಪೇರಿಯಾಗಿ ಬಂತು.

ದಾರಿಯಲ್ಲಿ ಹೋಗುವವರು ನಿಂತು ಓದುತ್ತಿದ್ದರು. ಅರ್ಧಕ್ಕರ್ಧ ಜನಕ್ಕೆ ಯಾವ ಸುದ್ದಿಗೆ ಉತ್ತರ ಇದು ಎಂದು ಗೊತ್ತಾಗುತ್ತಿರಲಿಲ್ಲ. ಎದುರಿನ ಕಬ್ಬಿನ ಹಾಲಿನ ಗಾಡಿಯವರು ಮಾತ್ರ, ಇವತ್ತು ಯಾರಿಗೆ ಬೈದಿದ್ದೀರಿ ಎಂದು ದಿನಾ ವಿಚಾರಿಸಿಕೊಳ್ಳುತ್ತಿದ್ದರು.

ಬೈಗುಳವೇನೂ ಆಗಿರಲಿಲ್ಲ ಅದು. ಆದರೆ ಬರೀ ತಮಾಷೆಯೂ ಆಗಿರಲಿಲ್ಲ. ಪೇಪರಿನಲ್ಲಿ ಬರುತ್ತಿದ್ದ ಪ್ರತಿ ಸುದ್ದಿಯೂ, ನೀವು ಹಿಂದೆ ಬಿದ್ದಿರಿ, ಇನ್ನು ಮುಗಿಯಿತು, ಗಂಟುಮೂಟೆ ಕಟ್ಟಿ ಎಂದೇ ನಮಗೆ ಹೇಳುತ್ತಿತ್ತು. ಒಬ್ಬರಿಗೂ ಉತ್ತರ ಕೊಡುವ ದಾರಿ ನಮಗಿರಲಿಲ್ಲ, ಇದ್ದದ್ದು ಒಂದು ಹಲಗೆ. ಹೆದರಿಸುವವರ ಎದುರು ನಕ್ಕರೆ ಅರ್ಧ ಹೆದರಿಕೆ ಇಳಿಯುತ್ತದೆ ಎಂದು ಆಗ ಕಂಡುಕೊಂಡೆವು.

ಎರಡು ಸಾವಿರದ ಇಸವಿಯಲ್ಲಿ ನಮಗೆ ಹೊಸ ಥರದ ಕೆಲಸವೊಂದು ಬಂತು. ನಮ್ಮ ಪಕ್ಕದ ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ ಒಂದು ಸಣ್ಣ ಧರ್ಮಾಸ್ಪತ್ರೆ ಇತ್ತು. ಸುತ್ತಲಿನ ಆದಿವಾಸಿ ಹಾಡಿಗಳ ಮಕ್ಕಳಿಗೆ ಅಲ್ಲಿಂದಲೇ ಚುಚ್ಚುಮದ್ದು, ಪೋಲಿಯೋ ಹನಿ. ಯಾವ ಹಾಡಿಯಲ್ಲಿ ಯಾವ ಮಗುವಿಗೆ ಯಾವಾಗ ಯಾವ ಮದ್ದು ಬರಬೇಕು ಎಂಬುದನ್ನು ಅಲ್ಲಿನ ನರ್ಸಮ್ಮ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಸಾಲಿಗ್ರಾಮದ ಕಡೆಯವರು, ಐವತ್ತು ದಾಟಿದವರು, ಇಪ್ಪತ್ತೈದು ವರ್ಷ ಅದೇ ಕಾಡಂಚಿನಲ್ಲಿ ಓಡಾಡಿದವರು. ಡಾಕ್ಟರು ನಮ್ಮನ್ನು ಕರೆಸಿ, ಪ್ರತಿ ಸೋಮವಾರ ಬೆಳಿಗ್ಗೆ ಆ ವಾರದ ಮಕ್ಕಳ ಪಟ್ಟಿ ಹಾಡಿವಾರು ಕನ್ನಡದಲ್ಲಿ ಬರುವಂತೆ ಮಾಡಿಕೊಡಿ ಎಂದರು.

ಸುಲಭ ಎಂದುಕೊಂಡು ಹುಟ್ಟಿದ ತಾರೀಕಿನ ಕಾಲಂ ಇಟ್ಟು ಪ್ರೋಗ್ರಾಂ ಬರೆದು, ನಮ್ಮದೇ ಒಂದು ಹಳೆಯ ಕಂಪ್ಯೂಟರಿಗೆ ತುಂಬಿ, ಒಯ್ದು ಆಸ್ಪತ್ರೆಯ ಮದ್ದಿನ ಫ್ರಿಜ್ಜಿನ ಪಕ್ಕದಲ್ಲಿಟ್ಟೆವು. ಮೊದಲ ತಾಯಿಯೇ ತಾರೀಕು ಗೊತ್ತಿಲ್ಲ ಎಂದಳು. ಆನೆ ಬಂದು ರಾಗಿ ಹೊಲ ತುಳಿದ ಮಾರನೆಯ ದಿನ ಹುಟ್ಟಿತು ಎಂದಳು. ಎರಡನೆಯವಳು ಜೇನು ಕೀಳುವ ಕಾಲದಲ್ಲಿ, ಅಣೆಕಟ್ಟೆಯ ಬಾಗಿಲು ತೆಗೆಯುವ ಮುಂಚೆ ಎಂದಳು. ನಮ್ಮ ಪ್ರೋಗ್ರಾಂ ತಾರೀಕಿಲ್ಲದೆ ಮುಂದಕ್ಕೇ ಹೋಗಲೊಲ್ಲದು. ನರ್ಸಮ್ಮ ತಮ್ಮ ಪುಸ್ತಕ ತೆಗೆದು ತೋರಿಸಿದರು. ಅದರ ಅಂಚಿನಲ್ಲೆಲ್ಲ ಇಂಥವೇ ಟಿಪ್ಪಣಿಗಳು. ಆನೆ ಯಾವ ವಾರ ಬಂದಿತ್ತು, ಜೇನು ಯಾವಾಗ, ಬಾಗಿಲು ಯಾವಾಗ ತೆಗೆದರು, ಎಲ್ಲವೂ ಅವರಿಗೆ ಗೊತ್ತು.

ನಾನೂ ಕೆ.ಆರ್. ನಗರದವನೂ ಸಂಜೆಯ ಬಸ್ಸಿಗೆ ವಾಪಸು ಬಂದೆವು. ಪಿರಿಯಾಪಟ್ಟಣದವನು ಅಲ್ಲೇ ಉಳಿದ. ಮೂರನೆಯ ದಿನ ಬಂದವನ ಕೈಯಲ್ಲಿ ಒಂದು ಫ್ಲಾಪಿ ಇತ್ತು. ತಾರೀಕಿನ ಪಕ್ಕದಲ್ಲಿ 'ನೆನಪು' ಎಂಬ ಹೊಸ ಕಾಲಂ ಮಾಡಿದ್ದ. ಹಾಡಿಯ ಸುತ್ತ ನಡೆದದ್ದನ್ನು ನರ್ಸಮ್ಮ ಅಂದಾಜು ವಾರದ ಸಮೇತ ಅದಕ್ಕೆ ಸೇರಿಸುತ್ತಾ ಹೋಗಬಹುದು. ತಾಯಿ ಹೇಳಿದ ನೆನಪನ್ನು ಆರಿಸಿದರೆ ಸಾಕು, ಪ್ರೋಗ್ರಾಂ ಆ ವಾರ ಹಿಡಿದು ಮದ್ದಿನ ದಿನ ಲೆಕ್ಕ ಹಾಕುತ್ತದೆ. ನಾನು ಅದನ್ನು ಎರಡೆರಡು ಸಲ ಓಡಿಸಿ ನೋಡಿದೆ. ಅಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ.

ಮೂರು ವರ್ಷ ಆ ಪಟ್ಟಿ ಒಂದು ಸೋಮವಾರವೂ ತಪ್ಪಲಿಲ್ಲ. ನರ್ಸಮ್ಮ ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದರು, ಆದರೆ ತಪ್ಪು ಮಾಡುತ್ತಿರಲಿಲ್ಲ.

ಆಮೇಲೆ ಒಂದು ದಿನ ಪೇಪರಿನಲ್ಲಿ ಆ ಸುದ್ದಿ ಬಂತು. ನಾವು ಎಲ್ಲ ಪ್ರೋಗ್ರಾಂಗಳನ್ನೂ ಬರೆಯುತ್ತಿದ್ದ ಕಂಪ್ಯೂಟರ್ ಭಾಷೆಯನ್ನು ಅದರ ಮಾಲೀಕರು ಇನ್ನು ಬೆಳೆಸುವುದಿಲ್ಲವಂತೆ, ಹೊಸ ಆವೃತ್ತಿ ಬರುವುದಿಲ್ಲವಂತೆ. ಸತ್ತಂತೆಯೇ ಲೆಕ್ಕ ಎಂದು ಪೇಪರಿನವರು ತೀರ್ಪು ಕೊಟ್ಟಿದ್ದರು. ಮೂವರೂ ಅದನ್ನು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡು ಓದಿದೆವು. ನಮಗೆ ಬರುತ್ತಿದ್ದದ್ದು ಅದೊಂದೇ ಭಾಷೆ. ಕೊನೆಗೆ ಕೆ.ಆರ್. ನಗರದವನು ಎದ್ದು ಸುಣ್ಣದ ಕಡ್ಡಿ ತೆಗೆದುಕೊಂಡ.

'ನಾವು ಕೆಲಸ ಮಾಡುವ ಭಾಷೆ ನಿನ್ನೆ ತೀರಿಕೊಂಡಿತಂತೆ. ಸೂತಕ ಆಚರಿಸುವುದಿಲ್ಲ. ಅಂಗಡಿ ಎಂದಿನಂತೆ ತೆರೆದಿರುತ್ತದೆ.'

ಮಧ್ಯಾಹ್ನ ಒಬ್ಬರು ವಯಸ್ಸಾದ ಗಿರಾಕಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಟವೆಲ್ಲನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದುಕೊಂಡಿದ್ದರು.

"ಯಾರವ್ವ ಓಗಿದ್ದು? ಅಪ್ಪಾರು ಚೆನ್ನಾಗವ್ರಾ?" ಎಂದು ಮೆಲ್ಲಗೆ ಕೇಳಿದರು.

ಹಲಗೆಯಲ್ಲಿ 'ತೀರಿಕೊಂಡಿತಂತೆ' ಎಂಬುದೊಂದನ್ನು ಓದಿಕೊಂಡು ಬಂದಿದ್ದರು. ಸತ್ತದ್ದು ಮನುಷ್ಯರಲ್ಲ, ಭಾಷೆ ಎಂದು ಬಿಡಿಸಿ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಹಾಗಾದರೆ ನಮ್ಮ ಗಿರಣಿಯ ಚೀಟಿ ನಾಳೆಯಿಂದ ಬರುವುದಿಲ್ಲವೇ ಎಂದು ಕೇಳಿದರು. ಬರುತ್ತದೆ ಎಂದೆ. ನಾಡಿದ್ದು? ನಾಡಿದ್ದೂ ಬರುತ್ತದೆ. ಹಾಗಾದರೆ ಸತ್ತದ್ದು ಏನು ಎಂದು ಕೇಳಿ, ಟವೆಲ್ಲನ್ನು ಮತ್ತೆ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದರು. ಅವರು ಹೋದ ಮೇಲೆ ನಾವು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಬೆಳಗಿನ ಹೆದರಿಕೆಯೆಲ್ಲ ಅದರಲ್ಲೇ ಹೋಯಿತು.

ಆದರೆ ಆ ಸುದ್ದಿಯನ್ನು ನಮ್ಮ ಹಾಗೆ ನಕ್ಕು ಬಿಡದವರೂ ಇದ್ದರು. ಒಂದೆರಡು ತಿಂಗಳಲ್ಲಿ ಕೋಟೆಯ ಡಾಕ್ಟರು ಫೋನು ಮಾಡಿ ಮೂವರನ್ನೂ ಬರಹೇಳಿದರು. ಆಸ್ಪತ್ರೆಗೆ ಸಹಾಯ ಮಾಡುವ ಹೊರಗಿನ ದಾನಿಗಳು ಬೆಂಗಳೂರಿನ ಒಂದು ಕಂಪನಿಯಿಂದ ಹೊಸ ಪ್ರೋಗ್ರಾಂ ಮಾಡಿಸಿ ಕಳುಹಿಸಿದ್ದರು. ಕಂಪನಿಯ ಕಡೆಯಿಂದ ನಮ್ಮದೇ ವಯಸ್ಸಿನವನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದ. ಮೇಜಿನ ಮೇಲೆ ಅದೇ ಪೇಪರಿನ ತುಣುಕು ಇತ್ತು. ಆತ ಒರಟನೇನಲ್ಲ. ನಿಮ್ಮ ಕೆಲಸ ಚೆನ್ನಾಗಿದೆ, ಆದರೆ ಅಡಿಪಾಯವೇ ಹೋಗಿರುವಾಗ ಮಕ್ಕಳ ಆರೋಗ್ಯವನ್ನು ಅದರ ಮೇಲೆ ನಿಲ್ಲಿಸಬಾರದು ಎಂದು ಸಮಾಧಾನದಿಂದಲೇ ಹೇಳಿದ.

ನರ್ಸಮ್ಮ ಎದ್ದು ಹೋಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದ ಒಬ್ಬ ಹೆಂಗಸನ್ನು ಮಗುವಿನ ಸಮೇತ ಕರೆತಂದರು. ಈ ಮಗುವನ್ನು ಹೊಸ ಪ್ರೋಗ್ರಾಮಿಗೆ ಸೇರಿಸಿ ತೋರಿಸಿ ಎಂದರು. ಆತ ಹುಟ್ಟಿದ ತಾರೀಕು ಕೇಳಿದ. ಹೆಂಗಸು ಜೇನಿನ ಕಾಲ ಎಂದಳು. ಆತ ಡಾಕ್ಟರ ಮುಖ ನೋಡಿದ, ಆಮೇಲೆ ತಿಂಗಳಾದರೂ ಹೇಳಿ ಎಂದ. ಅವಳು ಮತ್ತೆ ಜೇನಿನ ಕಾಲ ಎಂದಳು. ಆತ ಏನೋ ಒತ್ತಿ, ತಾರೀಕು ಗೊತ್ತಿಲ್ಲದಿದ್ದರೆ ಜನವರಿ ಒಂದು ಎಂದು ತಾನೇ ತುಂಬಿಕೊಳ್ಳುತ್ತದೆ, ತೊಂದರೆಯಿಲ್ಲ ಎಂದ.

"ತೊಂದ್ರೆ ನಿಮ್ಗಿಲ್ಲ ಕಣಪ್ಪ. ದಡಾರದ ಮದ್ದು ತಿಂಗ್ಳು ತಪ್ಪುದ್ರೆ ತೊಂದ್ರೆ ಈ ಕೂಸ್ಗೆ" ಎಂದರು ನರ್ಸಮ್ಮ.

ಡಾಕ್ಟರು ಕಷ್ಟದಲ್ಲಿದ್ದರು. ದಾನಿಗಳನ್ನು ಬೇಡ ಎನ್ನುವ ಹಾಗಿಲ್ಲ, ನರ್ಸಮ್ಮನ ಮಾತು ಸುಳ್ಳೆನ್ನುವ ಹಾಗೂ ಇಲ್ಲ. ಮೂರು ತಿಂಗಳು ಎರಡೂ ನಡೆಯಲಿ, ಆಮೇಲೆ ನೋಡೋಣ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಕೆ.ಆರ್. ನಗರದವನು ಉದ್ದಕ್ಕೂ ಗೊಣಗಿದ. ಪಿರಿಯಾಪಟ್ಟಣದವನು ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಇಳಿಯುವಾಗ ಮಾತ್ರ, "ನಮ್ದು ನಿಲ್ಲಕ್ಕಿಲ್ಲ ಬುಡಕ್ಕ" ಎಂದ.

ಮೂರನೆಯ ತಿಂಗಳಲ್ಲಿ ಹೊಸ ಪ್ರೋಗ್ರಾಂ ಕೊಟ್ಟ ಪಟ್ಟಿಯ ಒಂದು ಪ್ರತಿಯನ್ನು ಡಾಕ್ಟರು ನಮಗೆ ಕಳುಹಿಸಿದರು. ಪುಟ ತಿರುವಿದರೂ ತಿರುವಿದರೂ ಒಂದೇ ವಾರ. ತಾರೀಕು ಗೊತ್ತಿಲ್ಲದ ಮಕ್ಕಳೆಲ್ಲ ಜನವರಿ ಒಂದಕ್ಕೆ ಹುಟ್ಟಿಬಿಟ್ಟಿದ್ದರಿಂದ ಎಲ್ಲರಿಗೂ ಮದ್ದು ಒಂದೇ ಸೋಮವಾರ ಬಂದಿತ್ತು. ನಮಗೆ ಗೆದ್ದ ಅಮಲು. ಅರ್ಧ ಗಂಟೆಯಲ್ಲಿ ಹಲಗೆಯ ಮೇಲೆ ಬರಹ ಎದ್ದಿತು. ಬರೆದವಳು ನಾನೇ.

'ಕಾಡಂಚಿನ ಹಾಡಿಗಳಲ್ಲಿ ಹೊಸ ತಂತ್ರಜ್ಞಾನದ ಪವಾಡ. ಎಲ್ಲ ತಾಯಂದಿರಿಗೂ ಒಂದೇ ದಿನ ಹೆರಿಗೆ. ಸೂಲಗಿತ್ತಿಯರು ಬೇಕಾಗಿದ್ದಾರೆ.'

ಜನ ನಿಂತು ನಿಂತು ನಕ್ಕರು. ಹಿಂದೆ ಯಾವುದಕ್ಕೂ ಅಷ್ಟು ಜನ ಸೇರಿರಲಿಲ್ಲ. ಎರಡು ದಿನ ಕಳೆದು ನರ್ಸಮ್ಮ ಯಾವುದೋ ಕೆಲಸಕ್ಕೆ ಹುಣಸೂರಿಗೆ ಬಂದವರು ನಮ್ಮನ್ನು ನೋಡಿಕೊಂಡು ಹೋಗಲು ಬಂದರು. ಅವರಿಗೂ ನಗು ಬರುತ್ತದೆ ಎಂದುಕೊಂಡು ನಾನು ಕೆಳಗಿಳಿದು ಹೋದೆ. ಅವರು ಹಲಗೆಯ ಮುಂದೆ ಕೊಡೆ ಊರಿಕೊಂಡು ನಿಂತಿದ್ದರು. ನಗಲಿಲ್ಲ.

"ಪೇಪರ್ನೋರ್ ಮೇಲೆ ನಗಿ ಕಣವ್ವ, ಕಂಪ್ನಿಯೋರ್ ಮೇಲೆ ನಗಿ. ಆ ತಾಯಂದ್ರು ನಿಮ್ಗೇನ್ ಮಾಡವ್ರೆ? ಬೀದಿ ಜನ ನಗ್ತಾ ಇರೋದು ಅವರ್ನ ನೋಡಿ" ಎಂದರು.

ಹೌದಾಗಿತ್ತು. ನಾನು ಬರೆಯುವಾಗ ಕಂಪನಿಯವನ ಮುಖ ಕಣ್ಣ ಮುಂದಿತ್ತು. ಆದರೆ ಓದಿದವರಿಗೆ ಕಂಡದ್ದು ಹಾಡಿಯ ಹೆಂಗಸರು. ಬಟ್ಟೆ ಹುಡುಕಲೂ ಹೋಗದೆ ಸೆರಗಿನಿಂದಲೇ ಒರೆಸಿದೆ. ನರ್ಸಮ್ಮ ಮೇಲೆ ಬಂದು ಕಾಫಿ ಕುಡಿದರು, ಬೇರೆ ಮಾತಾಡಿದರು, ಅದರ ಸುದ್ದಿ ಮತ್ತೆ ಎತ್ತಲಿಲ್ಲ. ಹೊರಡುವಾಗ ಮಾತ್ರ ಇನ್ನೊಂದು ವಿಷಯ ತಿಳಿಸಿದರು. ಆ ಮೂರು ತಿಂಗಳಲ್ಲಿ ಬಂದ ಹೊಸ ಮಕ್ಕಳಲ್ಲಿ ಅರ್ಧ ಜನ, ತಾವು ಹಾಡಿಗಳಿಗೆ ಹೋಗಿದ್ದ ದಿನಗಳಲ್ಲಿ, ಹೊಸ ಪ್ರೋಗ್ರಾಮಿಗೆ ಮಾತ್ರ ಸೇರಿದ್ದರು, ಅವರ ತಾಯಂದಿರನ್ನು ಯಾರೂ ನೆನಪು ಕೇಳಿರಲಿಲ್ಲ. ಅಷ್ಟೂ ಮಕ್ಕಳನ್ನು ಮತ್ತೆ ಹುಡುಕಿಕೊಂಡು ಹೋಗಬೇಕು.

ನಾವು ಬರುತ್ತೇವೆ ಎಂದೆ. ಅದು ಪ್ರಾಯಶ್ಚಿತ್ತವೋ ಹಟವೋ ಈಗಲೂ ಹೇಳಲಾರೆ.

ಆರು ಭಾನುವಾರ ನಾವು ಮೂವರೂ ಬೆಳಗಿನ ಮೊದಲ ಬಸ್ಸಿಗೆ ಕೋಟೆಗೆ ಹೋದೆವು. ನರ್ಸಮ್ಮನ ಜೊತೆ ಆಸ್ಪತ್ರೆಯ ಜೀಪಿನಲ್ಲಿ ಹಾಡಿಯಿಂದ ಹಾಡಿಗೆ. ಮೊದಲ ಹಾಡಿಯಲ್ಲಿ ಕೆ.ಆರ್. ನಗರದವನು ಎಂದಿನಂತೆ ಏನೋ ತಮಾಷೆ ಮಾಡಲು ಹೋದ. ಒಬ್ಬಳು ಅಜ್ಜಿ ಅವನ ಕೈಗೆ ಮಗು ಕೊಟ್ಟು ಒಲೆ ನೋಡಲು ಹೋದಳು. ಗಂಟೆಯ ಹೊತ್ತು ಅವನು ಅಲ್ಲಾಡದೆ ನಿಂತಿದ್ದ. ತಾಯಂದಿರು ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಹುಲಿ ಹಸು ಹಿಡಿದ ವಾರ. ಬಿದಿರು ಕಡಿಯಲು ಹೋದಾಗ. ಕೊಡಗಿನ ತೋಟದ ಕೆಲಸ ಮುಗಿಸಿ ವಾಪಸು ಬಂದ ಮೂರನೆಯ ದಿನ. ತಾರೀಕು ಯಾರಿಗೂ ತಿಳಿದಿರಲಿಲ್ಲ, ದಿನ ಯಾರೂ ಮರೆತಿರಲಿಲ್ಲ.

ನಾಲ್ಕನೆಯ ಭಾನುವಾರ ಜೀಪಿನ ಬಳಿ ಕಂಪನಿಯವನು ನಿಂತಿದ್ದ. ಡಾಕ್ಟರು ಅವನಿಗೂ ಹೇಳಿಕಳುಹಿಸಿದ್ದರಂತೆ. ಲ್ಯಾಪ್‌ಟಾಪ್ ತಂದಿರಲಿಲ್ಲ. ಇಡೀ ದಿನ ನಮ್ಮ ಹಿಂದೆ ನಡೆದ. ಸಂಜೆ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಬೂಟಿನೊಳಗಿನ ಮುಳ್ಳು ತೆಗೆಯುತ್ತಾ, ನೆನಪಿನ ಕಾಲಂ ಹೇಗೆ ಮಾಡಿದಿರಿ, ನನಗೆ ಹೇಳಿಕೊಡುತ್ತೀರಾ ಎಂದು ಕೇಳಿದ. ನನಗೆ ಆಗುವುದಿಲ್ಲ ಎನ್ನಬೇಕೆನಿಸಿತು. ನಮ್ಮದನ್ನು ಸತ್ತದ್ದು ಎಂದವರಿಗೆ ನಾವೇಕೆ ಕೊಡಬೇಕು? ಕೆ.ಆರ್. ನಗರದವನು ಬಾಯಿ ತೆರೆಯುವಷ್ಟರಲ್ಲಿ ಪಿರಿಯಾಪಟ್ಟಣದವನು, ಹುಣಸೂರಿಗೆ ಬನ್ನಿ, ಕೂತು ಮಾಡೋಣ ಎಂದುಬಿಟ್ಟ. ಮಾಡಿದವನು ಅವನು. ಅವನ ಮಾತಿನ ಮೇಲೆ ನಮ್ಮದೇನೂ ಇರಲಿಲ್ಲ.

ಕಂಪನಿಯವನು ಬಂದು ಎರಡು ದಿನ ನಮ್ಮ ಕೋಣೆಯಲ್ಲಿ ಕೂತ. ಅಪ್ಪ ಅವನಿಗೆ ಊಟ ತರಿಸಿಕೊಟ್ಟರು. ನಾವು ಒಂದೇ ಷರತ್ತು ಹಾಕಿದ್ದೆವು. ಆ ಕಾಲಮ್ಮಿನ ಹೆಸರೂ ಅದರೊಳಗಿನ ಬರಹವೂ ಕನ್ನಡದಲ್ಲೇ ಇರಬೇಕು, ನರ್ಸಮ್ಮ ಓದುವಂತಿರಬೇಕು. ಹದಿನೈದು ದಿನ ಬಿಟ್ಟು ಅವನ ಫೋನು ಬಂತು. ಮೇಲಿನವರು ಒಪ್ಪುತ್ತಿಲ್ಲ, ಎಲ್ಲ ಕಡೆ ಒಂದೇ ಥರ ಇರಬೇಕಂತೆ, ಇಂಗ್ಲಿಷಿನಲ್ಲೇ ಇಡುತ್ತೇವೆ ಎಂದ. ಫೋನು ಹಿಡಿದಿದ್ದ ಪಿರಿಯಾಪಟ್ಟಣದವನು ಕೇಳಿಸಿಕೊಂಡು ಮುಗಿಸಿ, ದನಿ ಏರಿಸದೆ ಹೇಳಿದ:

"ಅಂಗಾದ್ರೆ ನಮ್ದೇ ಓಡ್ತಾ ಇರ್ಲಿ ಬುಡಿ ಸಾರ್. ನಿಮ್ದು ಆದ್ಮೇಲೆ ಬನ್ನಿ."

ನಮ್ಮದೇ ಓಡಿತು. ಡಾಕ್ಟರು ದಾನಿಗಳಿಗೆ ಏನು ಬರೆದರೋ ಗೊತ್ತಿಲ್ಲ, ನಮ್ಮ ಯಂತ್ರವನ್ನು ಮದ್ದಿನ ಫ್ರಿಜ್ಜಿನ ಪಕ್ಕದಿಂದ ಯಾರೂ ಕದಲಿಸಲಿಲ್ಲ. ನಮ್ಮ ಭಾಷೆ ಸತ್ತಿದೆ ಎಂದು ಪತ್ರಿಕೆಗಳು ಮತ್ತೆ ಮತ್ತೆ ಬರೆದವು. ಸೋಮವಾರದ ಪಟ್ಟಿ ಪ್ರತಿ ಸೋಮವಾರ ಬಂತು.

ಕಂಪನಿಯವನು ಬಂದದ್ದು ಏಳೆಂಟು ತಿಂಗಳ ಮೇಲೆ. ಈ ಸಲ ಪರದೆಯ ಮೇಲೆ 'ನೆನಪು' ಎಂದು ಕನ್ನಡದಲ್ಲೇ ಇತ್ತು. ಮೇಲಿನವರ ಜೊತೆ ಜಗಳವಾಡಿ ಮಾಡಿಸಿದೆ ಎಂದ. ನನಗೆ ಅವನ ಮೇಲೆ ಮೊದಲ ಸಲ ಗೌರವ ಬಂತು. ನರ್ಸಮ್ಮ ಮಾತ್ರ ಸುಲಭಕ್ಕೆ ನಂಬುವವರಲ್ಲ. ಎಂಟು ಸೋಮವಾರ ಎರಡೂ ಪಟ್ಟಿ ತೆಗೆದು, ಪಕ್ಕಪಕ್ಕ ಇಟ್ಟುಕೊಂಡು, ಒಂದೊಂದು ಹೆಸರಿಗೂ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ತಾಳೆ ನೋಡಿದರು. ಎಂಟನೆಯ ವಾರ ನಮಗೆ ಹೇಳಿಕಳುಹಿಸಿದರು. ಇನ್ನು ನಿಮ್ಮ ಯಂತ್ರ ತೆಗೆದುಕೊಂಡು ಹೋಗಬಹುದು, ಇದು ಸರಿಯಾಗಿದೆ ಎಂದರು. ಅದಕ್ಕೂ ಒಂದು ಕೈಬರಹದ ಪ್ರತಿ ಮಾಡಿಟ್ಟುಕೊಂಡಿದ್ದೇನೆ ಎಂದೂ ಸೇರಿಸಿದರು.

ಸ್ವಿಚ್ಚು ಆರಿಸಿದವಳು ನಾನು. ಬೇಸರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಆ ಯಂತ್ರ ಯಾರೋ ದೂರದಲ್ಲಿ ಕೂತು ಹೇಳಿದ್ದಕ್ಕೆ ನಿಲ್ಲಲಿಲ್ಲ. ಅದರ ಮುಂದೆ ಒಂದೇ ಬೆರಳಿನಲ್ಲಿ ಟೈಪು ಮಾಡಿದ ಹೆಂಗಸು ಸಾಕು ಎಂದ ಮೇಲೆ ನಿಂತಿತು. ಮೂವರೂ ಸೇರಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಹುಣಸೂರಿನ ಬಸ್ಸಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಹಂಚಿಕೊಂಡು ಇಟ್ಟುಕೊಂಡೆವು. ಇದಕ್ಕೂ ಟಿಕೇಟು ತೆಗೆದುಕೊಳ್ಳಬೇಕು ಎಂದ ಕಂಡಕ್ಟರ್ ಜೊತೆ ಕೆ.ಆರ್. ನಗರದವನು ದಾರಿಯುದ್ದಕ್ಕೂ ವಾದ ಮಾಡಿದ, ಕೊನೆಗೆ ಸೋತು ತೆಗೆದುಕೊಂಡ.

ಮಾರನೆಯ ದಿನ ಪಿರಿಯಾಪಟ್ಟಣದ ಒಂದು ಹೈಸ್ಕೂಲಿನಿಂದ ಹೆಡ್‌ಮಾಸ್ಟರು ಬಂದು, ಮಕ್ಕಳ ವರ್ಗಾವಣೆ ಪತ್ರಕ್ಕೆ ಪ್ರೋಗ್ರಾಂ ಬೇಕು ಎಂದರು. ಯಾವ ಭಾಷೆಯಲ್ಲಿ ಬರೆಯುತ್ತೀರಿ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಯಂತ್ರದ ಧೂಳು ಒರೆಸಿ, ಸ್ಟೆಬಿಲೈಸರಿಗೆ ಸಿಕ್ಕಿಸಿ, ಗೊತ್ತಿದ್ದ ಭಾಷೆಯಲ್ಲೇ ಬರೆಯಲು ಕೂತೆವು.